ಎರಡು ಹಲ್ಲಿನ ಕೈಫ್ಯಾನು

"ತಗೋಬೇಕೋ ಬೇಡ್ವೋ ಅಂತ ಕೇಳ್ತೀರಲ್ಲ, ಮೊದ್ಲು ನೀವು ಏನು ಕೆಲಸ ಮಾಡ್ತೀರಿ ಹೇಳಿ ತಾಯಿ. ಎರಡೂ ಕೈಗೆ ಕೆಲಸ ಇರೋರು ಕೈಫ್ಯಾನು ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ತಾರೆ? ಕೂತು ಮಾಡೋ ಕೆಲಸ, ಬಸ್ಸಿಗೆ ಕಾಯೋದು, ಕ್ಯೂನಲ್ಲಿ ನಿಲ್ಲೋದು ಅಂದ್ರೆ ತಗೊಳ್ಳಿ. ಆದ್ರೆ ಅಗ್ಗದ್ದು ಮಾತ್ರ ಬೇಡ. ನಾನು ಮೊದ್ಲು ಅಗ್ಗದ್ದೇ ತಂದಿದ್ದೆ. ಬೆಳಗ್ಗೆ ಗುಂಯ್ ಅಂತ ಜೋರಾಗಿ ಶುರುವಾಗೋದು, ಮಧ್ಯಾಹ್ನ ಬೇಕೇಬೇಕು ಅನ್ನೋ ಹೊತ್ತಿಗೆ ನೊಣ ರೆಕ್ಕೆ ಬಡಿದಷ್ಟು ಗಾಳಿ. ಈ ದುಬಾರೀದು ಹಾಗಲ್ಲ. ಒಂದ್ಸಲ ಚಾರ್ಜ್ ಮಾಡಿದ್ರೆ ಸಂಜೆ ತನಕ ಬರುತ್ತೆ. ನಡುವೆ ಒಂದು ಲೋಹದ ಬಿಲ್ಲೆ ಇದೆ ನೋಡಿ, ಈ ಗುಂಡಿ ಒತ್ತಿದ್ರೆ ತಣ್ಣಗಾಗುತ್ತೆ. ಅದನ್ನ ಕತ್ತಿನ ಹಿಂದೆ ಇಟ್ಕೊಂಡ್ರೆ ಹೋದ ಜೀವ ವಾಪಸ್ ಬಂದಂಗೆ. ಬರೀ ಗಾಳೀನ ನಂಬಬೇಡಿ. ಸುಡುಬಿಸಿಲಲ್ಲಿ ಫ್ಯಾನು ಬಿಸಿಗಾಳೀನೇ ಮುಖಕ್ಕೆ ಎರಚುತ್ತೆ. ಮೊದ್ಲು ಮುಖ, ಕತ್ತು ಒದ್ದೆ ಮಾಡ್ಕೊಳ್ಳಿ, ಆಮೇಲೆ ಹಾಕಿ. ಬೆಲೇನಾ? ಅದು ಡಬ್ಬದ ಮೇಲೇ ಬರೆದಿತ್ತು. ನಾನು ಅದರ ಮೇಲೆ ಎರಡು ಹಲ್ಲು ಕೊಟ್ಟೆ. ಇಲ್ಲಿ ನೋಡಿ, ನಾಲಿಗೆ ತೂರುತ್ತೆ. ಆದ್ರೂ ಕೇಳಿದ್ರೆ, ತಗೊಳ್ಳಿ ಅಂತ್ಲೇ ಹೇಳ್ತೀನಿ."

ಬಟ್ಟೆ ಕೊಡಲು ಬಂದವರು ಕೇಳಿದಾಗಲೆಲ್ಲ ಇಸ್ತ್ರಿ ಅಂಗಡಿಯ ನೆರಿಗೆಯಕ್ಕ ಹೇಳುವ ಮಾತು ಇದು. ಕಣ್ಣು ಮುಚ್ಚಿಕೊಂಡರೂ ನೆರಿಗೆಯ ಮೇಲೆ ನೆರಿಗೆ ಕೂರಿಸುತ್ತಾಳೆ ಎಂದು ಬೀದಿಯವರು ಇಟ್ಟ ಹೆಸರು ಅದು. ಸ್ವಂತ ಹೆಸರಿನಿಂದ ಕರೆಯುತ್ತಿದ್ದವನು ಅವಳ ಗಂಡ ಒಬ್ಬನೇ. ಅವನು ಸತ್ತು ಆರು ವರ್ಷವಾಗಿತ್ತು.

ಅಂಗಡಿ ಎಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಎದುರುಬದುರಾಗಿ ಎರಡು ಮೇಜು, ಮೇಲೆ ಕಂಬಳಿ, ಕಂಬಳಿಯ ಮೇಲೆ ಸುಟ್ಟ ಕಲೆಗಳ ಬಿಳಿ ಬಟ್ಟೆ. ಮೂಲೆಯಲ್ಲಿ ಇದ್ದಿಲ ಮೂಟೆ. ಹಿಂಬಾಗಿಲು ದಾಟಿದರೆ ಮನೆ, ಎರಡು ಕೋಣೆ. ಒಂದು ಮೇಜು ಗಂಡನ ಅಣ್ಣನಾದ ಭಾವನದು, ಇನ್ನೊಂದು ಅವನ ತಮ್ಮನದು, ಎಂದರೆ ನೆರಿಗೆಯಕ್ಕನ ಗಂಡನದು. ತಮ್ಮ ಹೋದ ಮೇಲೆ ಆ ಮೇಜಿಗೆ ನೆರಿಗೆಯಕ್ಕ ನಿಂತಳು. ಅವಳ ಊಟ, ಬಾಡಿಗೆಯಿಲ್ಲದ ಒಂದು ಕೋಣೆ, ನಾಲ್ಕು ಜನ ಕರೆಯುವ ಹೆಸರು, ಎಲ್ಲವೂ ಆ ಮೇಜಿನ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಆ ಅಂಗಡಿಯಲ್ಲಿ ಸೂರಿಗೆ ಫ್ಯಾನು ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಕೆಂಡದ ಇಸ್ತ್ರಿಪೆಟ್ಟಿಗೆ ಇರುವಲ್ಲಿ ಗಾಳಿ ಆಡಿದರೆ ಬೂದಿ ಏಳುತ್ತದೆ, ಬಿಳಿ ಬಟ್ಟೆ ಕೆಡುತ್ತದೆ. ಕೆಂಡ ಊದುವುದೇನಿದ್ದರೂ ಹೊಸ್ತಿಲಾಚೆ, ಮೆಟ್ಟಿಲ ಮೇಲೆ ಕೂತು, ಒಂದು ರಟ್ಟಿನ ತುಂಡಿನಿಂದ, ಮೆಲ್ಲಗೆ. ಇದು ಭಾವನ ಅಪ್ಪನ ಕಾಲದ ಕಟ್ಟಳೆ. ಕರೆಂಟಿನ ಪೆಟ್ಟಿಗೆ ತನ್ನಿ ಎಂದರೆ ಭಾವ ಉರಿದು ಬೀಳುತ್ತಿದ್ದ.

"ಕರೆಂಟಿಂದು ಬಟ್ಟೇನ ಸವರುತ್ತೆ. ಕೆಂಡದ್ದು ಬಟ್ಟೆಗೆ ಬುದ್ಧಿ ಹೇಳುತ್ತೆ."

ಬುದ್ಧಿ ಹೇಳುವುದರಲ್ಲಿ ಅವನ ಕೈ ಮುಂದು. ಒಮ್ಮೆ ಕಾಲರು ಸುಟ್ಟಿತೆಂದು ತಮ್ಮನಿಗೆ ಪೆಟ್ಟಿಗೆ ಇಡುವ ಕಬ್ಬಿಣದ ಕಾಲುಮಣೆಯನ್ನೇ ಬೀಸಿದ್ದ. ಭುಜದ ಮೂಳೆ ಮುರಿದು, ಕೂಡಿಕೊಂಡ ಮೇಲೂ ಆ ಕಡೆಯ ಕೈ ಗಿಡ್ಡವಾಗಿಯೇ ಉಳಿಯಿತು. ಹೆಂಡತಿಗೆ ಹೊಡೆಯುವುದು ಬೇರೆ ರೀತಿ. ಒದ್ದೆ ಬಟ್ಟೆಯನ್ನು ಹಗ್ಗದ ಹಾಗೆ ಹಿಂಡಿ ತಿರುಚಿ ಹೊಡೆಯುತ್ತಿದ್ದ. ಒಳಗೆ ನೋವು ಕೂರುತ್ತದೆ, ಹೊರಗೆ ಗಾಯ ಕಾಣುವುದಿಲ್ಲ. ಆ ಶಬ್ದ ಬೀದಿಗೆಲ್ಲ ಕೇಳಿಸುತ್ತಿತ್ತು. ಬಟ್ಟೆ ಒಗೆಯುತ್ತಿದ್ದಾರೆ ಎಂದುಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು.

ಆ ವರ್ಷದ ಸೆಕೆ ಸುಮ್ಮನೆ ಬಂದ ಸೆಕೆಯಲ್ಲ. ಹಕ್ಕಿಗಳು ತಂತಿಯಿಂದ ಉದುರಿದವು ಎಂದು ಜನ ಮಾತಾಡಿಕೊಂಡರು. ನೆರಿಗೆಯಕ್ಕನಿಗೆ ಐವತ್ತು ಸಮೀಪಿಸಿ ಮುಟ್ಟು ನಿಲ್ಲುವ ಕಾಲ. ಹೊರಗಿನ ಬೆಂಕಿ ಸಾಲದೆಂದು ಒಳಗಿನಿಂದಲೂ ಒಂದು ಉರಿ ಎದ್ದು ಕಿವಿಯ ತನಕ ಹತ್ತುತ್ತಿತ್ತು. ಮೊದಲ ಸಲ ತಲೆ ಸುತ್ತಿ ಬಿದ್ದಾಗ ಕೈಯಲ್ಲಿದ್ದ ಪೆಟ್ಟಿಗೆ ಪಾದದ ಪಕ್ಕದಲ್ಲಿ ನೆಲ ಒಡೆಯಿತು. ಎರಡನೇ ಸಲ ಬಿದ್ದಾಗ ಭಾವ ಎಬ್ಬಿಸಲಿಲ್ಲ. ಕಾಲಿನಿಂದ ಪಕ್ಕೆಗೆ ಒದ್ದು ನೋಡಿ, ಬಕೆಟ್ಟಿನ ನೀರು ಸುರಿದ. ಬಾಗಿಲಲ್ಲಿ ದರ್ಜಿ, ಔಷಧಿ ಅಂಗಡಿಯವನು, ಇನ್ನೂ ನಾಲ್ಕಾರು ಜನ ನಿಂತಿದ್ದರು. ಅವರಿಗೆ ಕೇಳಲೆಂದೇ ಹೇಳಿದ:

"ಸೆಕೆಗಾಲ ಮುಗಿಯೋದ್ರೊಳಗೆ, ಅಂದ್ರೆ ಮೇ ಕೊನೇ ದಿನದೊಳಗೆ, ಇನ್ನೊಂದ್ಸಲ ಬಿದ್ಲು ಅಂದ್ರೆ ಮೇಜೂ ಬಿಡ್ಬೇಕು, ಮನೇನೂ ಬಿಡ್ಬೇಕು. ಬೀಳ್ಲಿಲ್ವಾ, ಸಾಯೋ ತನಕ ಮೇಜು ಅವಳದ್ದೇ. ನಾನೇನು ಅನ್ಯಾಯದವನಲ್ಲ."

"ಆಗ್ಲಿ ಭಾವ," ಎಂದಳು ನೆರಿಗೆಯಕ್ಕ, ನೆಲದಲ್ಲಿ ಕೂತೇ. ಅವಳ ಮೂಗಿನಿಂದ ನೀರು ಇಳಿಯುತ್ತಿತ್ತು.

ಅಗ್ಗದ ಫ್ಯಾನು ತಂದದ್ದು ಆಗ. ಅದನ್ನು ಭಾವ ಒಂಬತ್ತನೇ ದಿನ ಹಿಮ್ಮಡಿಯಲ್ಲಿ ತುಳಿದು ಪುಡಿ ಮಾಡಿದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ! ಗಾಳಿ ಇರೋದು ಕೆಂಡಕ್ಕೆ ಕಣೇ, ಮೂತಿಗಲ್ಲ." ಅವಳು ಚೂರುಗಳನ್ನು ಗುಡಿಸಿ ಹಾಕಿದಳು. ಮರುದಿನ ಕಿವಿಯ ಓಲೆ ಮಾರಿ ಈ ದುಬಾರಿಯದನ್ನು ತಂದಳು. ಹಿಡಿಯೂ ಲೋಹ, ಬಲೆಯೂ ಲೋಹ. ತುಳಿದರೆ ತುಳಿದವನ ಕಾಲೇ ನೋಯಬೇಕು.

ಕಟ್ಟಳೆಯನ್ನು ಅವಳು ಮುರಿಯಲಿಲ್ಲ. ಹತ್ತು ಅಂಗಿಗೊಮ್ಮೆ ಪೆಟ್ಟಿಗೆಯನ್ನು ಕಾಲುಮಣೆಯ ಮೇಲಿಟ್ಟು ಹಿಂಬಾಗಿಲಿನ ಆಚೆ ಹೋಗಿ, ಕತ್ತಿಗೆ ನೀರು ಹಚ್ಚಿ, ಆ ತಣ್ಣನೆಯ ಬಿಲ್ಲೆಯನ್ನು ಇಟ್ಟುಕೊಳ್ಳುವಳು. ಐವತ್ತು ಎಣಿಸುವಳು. ಮತ್ತೆ ಮೇಜಿಗೆ. ತಿಂಗಳು ಕಳೆಯಿತು, ಬೀಳಲಿಲ್ಲ.

ಒಂದು ದಿನ ಭಾವನ ಹೆಂಡತಿಯೂ ಹಿಂದೆಯೇ ಬಂದಳು. ನೀರು ಚಿಮುಕಿಸಿ ಬಟ್ಟೆ ಸುತ್ತಿಡುವುದು, ಮಡಿಸುವುದು ಆ ಓರಗಿತ್ತಿಯ ಕೆಲಸ. ಇಪ್ಪತ್ತೇಳು ವರ್ಷದಲ್ಲಿ ಗಂಡನೆದುರು ತುಟಿ ಪಿಟಕ್ಕೆಂದವಳಲ್ಲ.

"ನಂಗೂ ಒಂದ್ಸಲ ಇಡೇ."

"ಬಾ ಅಕ್ಕ. ಎಲ್ಲಿಗೆ, ಕತ್ತಿಗಾ?"

"ಸ್ವಲ್ಪ ಕೆಳಗೆ." ರವಿಕೆ ಸರಿಸಿದಳು. ಬೆನ್ನ ಮೇಲೆ ಗಾಯವಿರಲಿಲ್ಲ. ಮುಟ್ಟಿದರೆ ಮಾತ್ರ ಉಸಿರು ಬಿಗಿಹಿಡಿದಳು.

"ಇದನ್ನ ಕಂಡುಹಿಡಿದೋನಿಗೆ ಪುಣ್ಯ ಬರ್ಲಿ," ಎಂದಳು ಓರಗಿತ್ತಿ.

"ಅವನ ಹೆಂಡ್ತಿಗೆ ಬರ್ಲಿ. ಅವಳು ಬೆವರಿದ್ಲು, ಇವನು ಕಂಡುಹಿಡಿದ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಒಳಗೆ ಕೇಳಿಸಿತೋ ಏನೋ, ಅವತ್ತಿನಿಂದ ಭಾವ ಫ್ಯಾನಿನ ಮೇಲೆ ಕಣ್ಣಿಟ್ಟ.

ಸೆಕೆಗಾಲ ಮುಗಿಯಲು ಹತ್ತು ದಿನವಿತ್ತು. ಮಧ್ಯಾಹ್ನ ಎರಡು ಗಂಟೆ. ಹೋಟೆಲೊಂದರ ಬಿಳಿ ಮೇಜುಬಟ್ಟೆಗಳು ಬೆಟ್ಟದಷ್ಟು ಬಿದ್ದಿದ್ದವು. ಓರಗಿತ್ತಿ ಭಾವನ ಮೇಜಿನ ಆಚೆ ತುದಿಯಲ್ಲಿ ಬಗ್ಗಿ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಹೊಸ ಇದ್ದಿಲು ಹಸಿಯಿತ್ತು. ಭಾವನ ಪೆಟ್ಟಿಗೆ ಹೊಗೆಯಾಡುತ್ತಿತ್ತೇ ಹೊರತು ಕಾಯುತ್ತಿರಲಿಲ್ಲ. ಆಗ ನೆರಿಗೆಯಕ್ಕ ಹಿಂಬಾಗಿಲಿನಿಂದ ಬಂದಳು, ಕತ್ತು ಒದ್ದೆ, ಮುಖ ತಿಳಿ, ಕೈಯಲ್ಲಿ ಫ್ಯಾನು. ಇವಳು ಬೀಳುವವಳಲ್ಲ ಎಂಬುದು ಅವನಿಗೆ ಆಗಲೇ ಖಾತ್ರಿಯಾದದ್ದು.

"ತಾ ಇಲ್ಲಿ. ಕೆಂಡಕ್ಕೆ ಬೇಕು."

"ಬೂದಿ ಹೊಕ್ರೆ ಕೆಟ್ಟೋಗುತ್ತೆ ಭಾವ. ರಟ್ಟು ಇದೆಯಲ್ಲ."

"ಕೆಡ್ಲಿ ಅಂತ್ಲೇ ಕೇಳ್ತಿರೋದು."

ಕಿತ್ತುಕೊಳ್ಳಲು ಕೈ ಹಾಕಿದ. ಅವಳು ಬಿಡಲಿಲ್ಲ. ಎಳೆದ. ಅವಳೂ ಎಳೆದಳು. ಅವನ ಮೊಣಕೈ ಮುಂದೆ ಬಂದು ಅವಳ ಬಾಯಿಗೆ ಬಡಿದ ಶಬ್ದ ಹಲಗೆ ಮುರಿದ ಹಾಗಿತ್ತು. ಬಾಯಿ ತುಂಬ ರಕ್ತ, ನಾಲಿಗೆಯ ಮೇಲೆ ಎರಡು ಗಟ್ಟಿ ಚೂರು. ಆ ಹೊತ್ತಿನಲ್ಲೂ ಅವಳ ಕಣ್ಣು ಮೊದಲು ಹೋದದ್ದು ಬಿಳಿ ಬಟ್ಟೆಯ ಕಡೆಗೆ. ಮುಖ ತಿರುಗಿಸಿ ತನ್ನ ತೋಳಿಗೇ ಉಗುಳಿಕೊಂಡಳು. ವರ್ಷಗಳ ಅಭ್ಯಾಸ ಅದು. ಗಿರಾಕಿಯ ಬಟ್ಟೆಗೆ ಕಲೆ ತಾಗಬಾರದು.

ಫ್ಯಾನು ಕೈಗೆ ಸಿಕ್ಕ ಭಾವ ಹೊಸ್ತಿಲು ದಾಟಲಿಲ್ಲ. ಅಪ್ಪನ ಕಾಲದ ಕಟ್ಟಳೆಯನ್ನು ಅವನೇ ಮುರಿದ. ಪೆಟ್ಟಿಗೆಯ ಮುಚ್ಚಳ ಎತ್ತಿ, ರಟ್ಟನ್ನು ಹಿಡಿದು ರೂಢಿಯಾದ ಕೈಯಿಂದ ಫ್ಯಾನನ್ನು ಕೆಂಡಕ್ಕೆ ಒಂದು ಗೇಣು ದೂರ ಹಿಡಿದ. ರಟ್ಟಿನ ಗಾಳಿಗೆ ಹತ್ತಿರ ಹಿಡಿದಷ್ಟೂ ಒಳ್ಳೆಯದು. ಇದರ ಗಾಳಿ ಎಂಥದೆಂದು ಅವನಿಗೇನು ಗೊತ್ತು? ಹೆಬ್ಬೆರಳಿನಿಂದ ಗಾಳಿಯ ಗುಂಡಿಯನ್ನು ಕೊನೆಯ ತನಕ ತಳ್ಳಿದ.

ಪೆಟ್ಟಿಗೆ ಕೆಮ್ಮಿದ ಹಾಗಾಯಿತು. ಬೂದಿ, ಕಿಡಿ, ಅಡಿಕೆ ಗಾತ್ರದ ಕೆಂಡಗಳು ಮುಚ್ಚಳದ ಬಾಯಿಂದೆದ್ದು ಮೇಜಿನುದ್ದಕ್ಕೂ ಹಾರಿ, ಆ ತುದಿಯಲ್ಲಿ ಬಗ್ಗಿದ್ದ ಓರಗಿತ್ತಿಯ ತಲೆಗೆ, ಕಿವಿಗೆ, ಕತ್ತಿಗೆ ಸಿಡಿದವು. ಕೂದಲು ಚಟಚಟ ಎಂದಿತು. ಅವಳು ಕಿರುಚಲಿಲ್ಲ. ಎರಡು ಕೈಯಿಂದ ತಲೆ ಬಡಿದುಕೊಂಡಳು. ಬಡಿದಷ್ಟೂ ಹತ್ತಿತು.

ನೆರಿಗೆಯಕ್ಕ ಸುತ್ತಿಟ್ಟಿದ್ದ ಒದ್ದೆ ಬಟ್ಟೆಗಳನ್ನು ತೋಳು ತುಂಬ ಬಾಚಿ ಅವಳ ತಲೆಗೆ ಮುಚ್ಚಿ, ನೆಲಕ್ಕೆ ಕೆಡವಿ ಮೇಲೆ ಬಿದ್ದಳು. ಹೊಗೆ, ಸುಟ್ಟ ಕೂದಲಿನ ವಾಸನೆ. "ಇದೀನಿ ಅಕ್ಕ, ಇದೀನಿ, ಅಲ್ಲಾಡ್ಬೇಡ." ಭಾವ ಅಲ್ಲೇ ನಿಂತಿದ್ದ. ಕೈಯಲ್ಲಿ ಫ್ಯಾನು ಇನ್ನೂ ಗುಂಯ್ ಎನ್ನುತ್ತಿತ್ತು.

ಹೆದರಿದ ಗಂಡಸಿಗೆ ಒಂದೇ ದಾರಿ ಗೊತ್ತಿರುತ್ತದೆ. ಫ್ಯಾನನ್ನು ಗೋಡೆಗೆ ಎಸೆದ.

"ನಿನ್ನಿಂದ! ಈ ದರಿದ್ರಾನ ಮನೆ ಹೊಗ್ಸಿದ್ದು ನೀನು! ಇವತ್ತು ನಿನ್ನ ಮುಖಕ್ಕೇ ಇಸ್ತ್ರಿ ಹಾಕ್ತೀನಿ!"

ತನ್ನ ಪೆಟ್ಟಿಗೆ ಎತ್ತಿದ. ಅವಳು ಎದ್ದು ತನ್ನ ಮೇಜಿನ ಹಿಂದೆ ಸರಿದಳು. ಮೇಜು ನಡುವೆ. ಅದರಾಚೆಯಿಂದ ಬೀಸಲೆಂದು ಅವನು ಎಡಗೈಯನ್ನು ಕಂಬಳಿಯ ಮೇಲೆ ಅಗಲವಾಗಿ ಊರಿ ಮುಂದೆ ಬಾಗಿದ. ಅವಳ ಪೆಟ್ಟಿಗೆ ಕಾಲುಮಣೆಯ ಮೇಲೆ ಚೆನ್ನಾಗಿ ಕಾದಿತ್ತು. ಏಳು ಕೇಜಿ ತೂಕ. ಅವಳು ಬೀಸಲಿಲ್ಲ, ಎಸೆಯಲಿಲ್ಲ. ಎತ್ತಿ ಅವನ ಕೈಯ ಮೇಲೆ ಇಟ್ಟು, ಇನ್ನೊಂದು ಕೈಯನ್ನೂ ಹಿಡಿಯ ಮೇಲೆ ಕೂರಿಸಿ ಒತ್ತಿದಳು. ಒಂದು ಗಟ್ಟಿ ನೆರಿಗೆಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು.

ಒದ್ದೆ ಬಟ್ಟೆಯ ಶಬ್ದಕ್ಕೆ ಇಪ್ಪತ್ತೇಳು ವರ್ಷ ಬಾರದ ಬೀದಿ ಆ ಕೂಗಿಗೆ ಓಡಿ ಬಂತು. ಭಾವ ಕೈ ಹಿಡಿದುಕೊಂಡು ಮೊಣಕಾಲೂರಿದ್ದ.

"ಸುಟ್ಬಿಟ್ಲು! ನನ್ನ ಹೆಂಡ್ತೀನೂ ಸುಟ್ಲು, ನನ್ನೂ ಸುಟ್ಲು! ನೋಡ್ತಾ ನಿಂತಿದೀರಲ್ಲ!"

ನೆರಿಗೆಯಕ್ಕ ಬಾಯಿ ತೆರೆದರೆ ರಕ್ತ, ಮಾತು ಹೊರಡಲಿಲ್ಲ. ಔಷಧಿ ಅಂಗಡಿಯವನು ಫೋನು ತೆಗೆದ. "ಪೊಲೀಸರಿಗೆ ಹೇಳ್ಲಾ? ಏನಮ್ಮಾ, ಯಾರು ಮಾಡಿದ್ದು?" ಎಂದು ಕೇಳಿದ್ದು ನೆಲದಲ್ಲಿ ಕೂತಿದ್ದ ಓರಗಿತ್ತಿಯನ್ನು. ತಲೆಗೆ ಬಿಳಿ ಬಟ್ಟೆ, ಒಂದು ಕಿವಿ ಕೆಂಪಗೆ ಊದಿತ್ತು. ಓರಗಿತ್ತಿ ಗಂಡನ ಪರ ಒಂದು ಮಾತು ಆಡಿದ್ದರೆ ನೆರಿಗೆಯಕ್ಕ ಮೇಜನ್ನೂ ಕಳೆದುಕೊಂಡು ಜೈಲಿಗೂ ಹೋಗುತ್ತಿದ್ದಳು.

"ನನ್ನ ಸುಟ್ಟಿದ್ದು ಇವರು," ಎಂದಳು ಓರಗಿತ್ತಿ. "ಇವರನ್ನ ಸುಟ್ಟಿದ್ದು ಅವಳು. ಮೊದಲನೇದು ಆಗದೇ ಹೋಗಿದ್ರೆ ಎರಡನೇದು ಆಗ್ತಿರಲಿಲ್ಲ. ಪೊಲೀಸರನ್ನ ಕರೆಯೋದಾದ್ರೆ ಕರೀರಿ. ನಾನು ಮದುವೆಯಾದ ದಿನದಿಂದ ಹೇಳೋಕೆ ಶುರು ಮಾಡ್ತೀನಿ. ಅವರಿಗೆ ಪುರುಸೊತ್ತಿದೆಯಾ ಕೇಳಿ."

ಔಷಧಿ ಅಂಗಡಿಯವನು ಫೋನು ಒಳಗಿಟ್ಟು ಹತ್ತಿ, ಮುಲಾಮು ತರಲು ಹೋದ.

ನಾಲ್ಕನೇ ದಿನ ಭಾವ ಮನೆಯ ಒಳಗಿನಿಂದ ಅಂಗಡಿಗೆ ಬಂದ. ಕೈಗೆ ದಪ್ಪ ಪಟ್ಟಿ. ಬಟ್ಟೆ ನೀವಿ ಹಿಡಿಯುವ ಎಡಗೈ ಅದು, ಬೆರಳು ಮಡಚಿಕೊಂಡೇ ಉಳಿಯುತ್ತವೆ ಎಂದಿದ್ದರು ಡಾಕ್ಟರು. ಅವನ ಮೇಜಿನಲ್ಲಿ ಹೆಂಡತಿ ನಿಂತಿದ್ದಳು. ತಲೆ ಅರ್ಧ ಬೋಳು, ಕತ್ತಿಗೆ ಮುಲಾಮು.

"ಇದು ನನ್ನ ಮೇಜು."

"ಹೋಟೆಲಿನವರು ಸಂಜೆ ಬರ್ತಾರೆ."

ಅವನ ಬಲಗೈ ಮೇಲೆದ್ದಿತು. ಎದುರು ಮೇಜಿನಲ್ಲಿ ನೆರಿಗೆಯಕ್ಕ ಕೆಲಸ ನಿಲ್ಲಿಸಿದಳು. ಪೆಟ್ಟಿಗೆ ಕೈಯಲ್ಲೇ ಇತ್ತು. ಎದ್ದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ತಲೆ ಕೆರೆದುಕೊಂಡು ಇಳಿಯಿತು.

"ಇನ್ನೂ ಆರು ದಿನ ಇದೆ ಸೆಕೆಗಾಲ," ಎಂದ. "ಇವಳು ಬೀಳ್ಲಿ, ಆಮೇಲೆ ನೋಡ್ಕೋತೀನಿ."

"ಬಿದ್ರೆ ನಾನು ಹಿಡ್ಕೋತೀನಿ," ಎಂದಳು ಹೆಂಡತಿ, ತಲೆ ಎತ್ತದೆ. "ಕೂತ್ಕೊಳ್ಳಿ. ಬೆಳಕಿಗೆ ಅಡ್ಡ ನಿಂತಿದೀರಿ."

ಕೂರಲು ಅಲ್ಲಿ ಇದ್ದದ್ದು ಇದ್ದಿಲ ಮೂಟೆ ಒಂದೇ. ಅದರ ಮೇಲೆ ಕೂತ. ಬೈಗುಳ ನಿಲ್ಲಿಸಲಿಲ್ಲ, ಇಂದಿಗೂ ನಿಲ್ಲಿಸಿಲ್ಲ. ಗೋಡೆಗೆ ಬಡಿದ ಫ್ಯಾನಿನ ಬಲೆ ನೆಗ್ಗಿದೆ, ಕರಕರ ಎನ್ನುತ್ತದೆ, ಬಿಲ್ಲೆ ಮಾತ್ರ ಈಗಲೂ ತಣ್ಣಗಾಗುತ್ತದೆ. ಆರು ದಿನದಲ್ಲಿ ನೆರಿಗೆಯಕ್ಕ ಬೀಳಲಿಲ್ಲ. ಭಾವ ಬೀದಿಯವರ ಮುಂದೆ ಆಡಿದ ಮಾತಿನಂತೆ ಮೇಜು ಅವಳದ್ದೇ ಆಯಿತು.

ಏಳನೇ ದಿನ ಸಂಜೆ ಐದಕ್ಕೆ ಬೀದಿಯ ನಲ್ಲಿಯಲ್ಲಿ ನೀರು ಬಂತು. ನೆರಿಗೆಯಕ್ಕ ಪೆಟ್ಟಿಗೆ ಕೆಳಗಿಟ್ಟು, ಎರಡು ಬಕೆಟ್ಟು ಎತ್ತಿಕೊಂಡು ಹೋಗಿ ದರ್ಜಿಯ ಹೆಂಡತಿಯ ಹಿಂದೆ ನಿಂತಳು. ಸರದಿ ಬಂದಾಗ ಮೊದಲ ನೀರನ್ನು ಬಕೆಟ್ಟಿನಲ್ಲಿ ಕುಲುಕಿ ಚೆಲ್ಲಿದಳು, ಅಂಚಿಗೆ ಹತ್ತಿದ್ದ ಪಾಚಿಯನ್ನು ಬೆರಳಿನಿಂದ ಉಜ್ಜಿ ತೆಗೆದಳು, ಮತ್ತೆ ನಲ್ಲಿಯ ಕೆಳಗಿಟ್ಟು ತುಂಬಲು ಬಿಟ್ಟಳು.