ಮೊಂತೆಸಾರ್ದೊದ ಗೋಡೆಚಿತ್ರ

ನಮ್ಮಲ್ಲಿ ಶಾಲೆಯ ಕೊನೆಯ ಮೌಖಿಕ ಪರೀಕ್ಷೆ ಬಾಗಿಲು ತೆರೆದೇ ನಡೆಯುತ್ತದೆ. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಯಾವ ಪುಣ್ಯಾತ್ಮ ಮಾಡಿದ ನಿಯಮವೋ! ಲವೀನಿಯಾಳ ಅಪ್ಪ ಸೆತ್ತಿಮಿಯೊ, ಗಾರೆ ಕೆಲಸದವನು, ಇದ್ದ ಒಂದೇ ಕೋಟು ತೊಟ್ಟು ಬಂದು ಕೂತಿದ್ದ.

"ನೀನು ಬರಬೇಡಪ್ಪ" ಎಂದು ಅವಳು ಬೆಳಿಗ್ಗೆಯೇ ಹೇಳಿ ನೋಡಿದ್ದಳು.

"ನಿಮ್ಮಮ್ಮ ಇದ್ದಿದ್ರೆ ಬರ್ತಿರ್ಲಿಲ್ವಾ? ಸುಮ್ನೆ ನಡಿ."

ಕಲೆಯ ಇತಿಹಾಸವೆಂದರೆ ಲವೀನಿಯಾಳಿಗೆ ಪ್ರಾಣ. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದನ್ನು ಕಲಿಸುವ ಶಾಲೆಗೆ ಸೇರಬೇಕೆಂದರೆ ಇದರಲ್ಲಿ ಒಂದು ಅಂಕವೂ ಹೋಗುವಂತಿರಲಿಲ್ಲ.

ಮೇಜಿನ ಮೇಲೆ ಒಂದು ಗೋಡೆಚಿತ್ರದ ಫೋಟೋ ಇಟ್ಟಿದ್ದರು. ಮೇರಿಮಾತೆ ತನ್ನ ಮೇಲುಹೊದಿಕೆ ಹರಡಿ ಊರವರನ್ನೆಲ್ಲ ಅದರ ಕೆಳಗೆ ಕಾಯುತ್ತಿದ್ದಾಳೆ. ಅವರೂರು ಮೊಂತೆಸಾರ್ದೊದ ಚರ್ಚಿನದೇ ಗೋಡೆಚಿತ್ರ. ನಾಲ್ಕು ವರ್ಷದ ಹಿಂದಿನ ಭೂಕಂಪದಲ್ಲಿ ಆ ಗೋಡೆ ಕುಸಿದಾಗ ಅವಳಮ್ಮ ಅಸ್ಸುಂತಾ ಕೆಳಗೆ ಹೂವು ಬದಲಿಸುತ್ತಿದ್ದಳು. ಫೆಬ್ರವರಿಯಲ್ಲಷ್ಟೇ ರೋಮಿನಿಂದ ಬಂದಿದ್ದ ಬದಲಿ ಟೀಚರ್‌ಗೆ ಆ ಸಾವಿನ ಸುದ್ದಿ ಗೊತ್ತಿರಲಿಲ್ಲ.

"ನಿಮ್ಮೂರಿಂದೇ ಆರಿಸಿದೀನಿ, ಆರಾಮಾಗಿ ಹೇಳು" ಎಂದು ಅವರು ನಕ್ಕರು.

ಅವಳು ಹೇಳಿದಳು: ಚಿತ್ರಕಾರ ಯಾರೋ ತಿಳಿಯದು, ಹಸಿ ಸುಣ್ಣದ ಮೇಲೆ ಬರೆದದ್ದು, ಆರುನೂರು ವರ್ಷ ಹಳೆಯದು. ಆಗ ಹೊರಗಿನಿಂದ ಬಂದಿದ್ದ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಕೇಳಿದರು:

"ಪಕ್ಕದ ಗಂಟೆಗೋಪುರ ಬೀಳ್ಲಿಲ್ಲ. ಈ ಗೋಡೆ ಮಾತ್ರ ಯಾಕೆ ಬಿತ್ತು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಳೆಯ ಕಲ್ಲುಗೋಡೆಯ ಮೇಲೆ ಸಿಮೆಂಟ್ ಚಾವಣಿ ಹೇರಿದರೆ, ನೆಲ ಅದುರಿದಾಗ ಆ ಭಾರವೇ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಮಾರ್ಚಿನಲ್ಲಿ ಪಾಠವಾಗಿತ್ತು. ಚರ್ಚಿನ ಮರದ ತೊಲೆಗಳನ್ನು ಕಿತ್ತು ಸಿಮೆಂಟ್ ಸುರಿದವನು ಅಪ್ಪ. ಇನ್ನು ನೂರು ವರ್ಷ ಚಿಂತೆಯಿಲ್ಲವೆಂದು ಊರೇ ಆಗ ಅವನ ಬೆನ್ನು ತಟ್ಟಿತ್ತು. ಅಪ್ಪನಿಗೆ ಈ ಸತ್ಯ ತಿಳಿದಿಲ್ಲ, ತಿಳಿಯಲೂಬಾರದು ಎಂದು ಅವಳು ಆ ಪಾಠದ ದಿನದಿಂದ ಸಂಕಟ ನುಂಗಿಕೊಂಡಿದ್ದಳು.

"ಗೊತ್ತಿಲ್ಲ ಸರ್."

"ಲವೀನಿಯಾ, ಪಾಠ ಮಾಡಿದ್ನಲ್ಲ, ಆ ಚಾವಣಿ..." ಟೀಚರ್ ಚಡಪಡಿಸಿದರು.

"ನೆನಪಿಲ್ಲ ಮೇಡಂ."

ಹಿಂದಿನ ಬೆಂಚಿನಿಂದ ಸೆತ್ತಿಮಿಯೊ ಎದ್ದ.

"ಅವಳಿಗೆ ಗೊತ್ತು ಸ್ವಾಮಿ. ನಾನಿದೀನಿ ಅಂತ ಹೇಳ್ತಿಲ್ಲ. ಆ ಸಿಮೆಂಟ್ ಚಾವಣಿ ಹಾಕಿದ್ದು ನಾನೇ. ಅದೇ ಕೊಂದಿದ್ದು ಅವಳಮ್ಮನ್ನ. ಹೆಣ ಎತ್ತಿದ ದಿನವೇ ನಂಗೊತ್ತಾಯ್ತು."

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು.

"ಕೇಳೋಕೆ ಬಂದೋರು ಉತ್ತರ ಹೇಳೋ ಹಾಗಿಲ್ಲ" ಎಂದರು ಅಧ್ಯಕ್ಷರು, ತಲೆ ಎತ್ತದೆ. ಆ ಪ್ರಶ್ನೆಯ ಮುಂದೆ ಸೊನ್ನೆ ಹಾಕಿದರು.

ಸೆತ್ತಿಮಿಯೊ ನಿಂತೇ ಇದ್ದ. ಲವೀನಿಯಾ ಹಿಂತಿರುಗಿ ನೋಡಲಿಲ್ಲ.

"ಕೂತ್ಕೋ ಅಪ್ಪ" ಎಂದಳು. "ಇನ್ನೂ ಪ್ರಶ್ನೆ ಮುಗಿದಿಲ್ಲ."