ಐರ್ಲೆಂಡಿಗೆ ಹೋಗುವ ಮುನ್ನ ಗುರುಸಿದ್ದ ಕಲಿತದ್ದು

ಶೀತಲಳಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ ಎಂಬ ಸುದ್ದಿ ಗಡಹಿಂಗ್ಲಜದ ತವರು ಮುಟ್ಟಿದ ದಿನ ಅವಳ ತಾಯಿ ದುಂಡವ್ವ ಹೋಳಿಗೆ ಮಾಡಿದ್ದಳು. ಮಗಳಿಗೆ ಎರಡು ಬಡಿಸಿ, ಅಳಿಯನಿಗೆ ಮೂರು ಬಡಿಸಿ, ತುಪ್ಪ ಹಾಕುತ್ತ ಕೇಳಿಯೇಬಿಟ್ಟಳು.

"ಅಳಿಯಂದ್ರ, ಆಕಿಗೇನೋ ದವಾಖಾನಿ ಐತಿ. ನೀವು ಅಲ್ಲಿ ಹೋಗಿ ಏನ ಮಾಡೋರು?"

ಗುರುಸಿದ್ದನ ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ಬೇಕೆಂದೇ ನಿಧಾನವಾಗಿ ಅಗಿದ.

ಅವನು ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಜಾಬರ್. ಅಂದರೆ ಪವರ್‌ಲೂಮ್ ಕಾರ್ಖಾನೆಯಲ್ಲಿ ಮಗ್ಗ ಕೆಟ್ಟರೆ ಸರಿಪಡಿಸುವವನು. ಅವನ ಅಪ್ಪ ಯಲಗೂರಪ್ಪ ಗುಳೇದಗುಡ್ಡದಿಂದ ನೇಯುವ ಕೆಲಸ ಹುಡುಕಿಕೊಂಡು ಬಂದು ಇಲ್ಲಿಯೇ ನೆಲೆ ನಿಂತವನು. ಮಗ ನೇಕಾರನಾಗದೆ ಜಾಬರ್ ಆದದ್ದು ಆ ಮನೆಯಲ್ಲಿ ದೊಡ್ಡ ಬಡ್ತಿ. ಹತ್ತನೇ ಇಯತ್ತೆ ಮರಾಠಿಯಲ್ಲಿ ಮುಗಿಸಿ ಕಾರ್ಖಾನೆ ಸೇರಿದ ಗುರುಸಿದ್ದನಿಗೆ ಈಗ ಮೂವತ್ತಾರು. ಎಣ್ಣೆಯ ಕೈ ಒರೆಸಿಕೊಂಡು ಅದೇ ಬಟ್ಟೆಯಲ್ಲಿ ಕಂಪ್ಯೂಟರ್ ಮುಂದೆ ಕೂಡುವ ದಿನ ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಪುಣೆಯಲ್ಲಿ ಐ.ಟಿ. ಕಂಪನಿಯಲ್ಲಿರುವ ಶೀತಲಳ ತಮ್ಮ ಸುಮಿತ ಫೋನಿನಲ್ಲೇ ದಾರಿ ಹೇಳಿದ. "ದಾಜಿ, ವೆಬ್ ಡೆವಲಪ್‌ಮೆಂಟ್ ಕಲೀರಿ. ಆರು ತಿಂಗಳ ಸಾಕು. ಅಲ್ಲಿ ಕೈ ಹಿಡದ ಕರಕೊಂತಾರ." ಅಕ್ಕನ ಗಂಡನನ್ನು ಅವನು ಮರಾಠಿ ರೂಢಿಯಂತೆ ದಾಜಿ ಎಂದೇ ಕರೆಯುತ್ತಿದ್ದ.

ಶೀತಲ ಅದಕ್ಕೆ ದನಿಗೂಡಿಸಿದಳು. "ನಾ ಮದಲ ಹೋಗಿ ಮನಿ ನೋಡ್ತೇನಿ. ಅಷ್ಟರಾಗ ನೀವು ಏನರೆ ಒಂದ ಕಲತ ಬರ್ರಿ. ಬರಿಗೈಲೆ ಬಂದ ಮನ್ಯಾಗ ಕೂತ್ರ ನಿಮಗ ಹುಚ್ಚ ಹಿಡಿತೈತಿ, ನನಗೂ ಹಿಡಸ್ತೀರಿ."

ಮಾತು ನಿಜ. ಸಂಕ್ರಾಂತಿ ಮುಗಿಸಿ ಅವಳು ಹೋದಳು. ಗುರುಸಿದ್ದ ಮೊದಲ ಪಾಳಿ ಮಾತ್ರ ಇಟ್ಟುಕೊಂಡು ಕೊಲ್ಹಾಪುರದ ರಾಜಾರಾಮಪುರಿಯ ಒಂದು ಕ್ಲಾಸಿಗೆ ಹೆಸರು ಹಚ್ಚಿದ.

ಮಧ್ಯಾಹ್ನದ ಎಸ್.ಟಿ. ಬಸ್ಸಿನಲ್ಲಿ ನಿಂತು ಹೋಗುವುದು, ಮೂರನೇ ಮಹಡಿಗೆ ಏರುವುದು, ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರ ಹಿಂದೆ ಗೋಡೆಗೆ ಆತು ಕೂಡುವುದು. ಕಲಿಸುತ್ತಿದ್ದ ರುತುಜಾಗೆ ಇಪ್ಪತ್ನಾಲ್ಕು ಇರಬಹುದು. ಒಳ್ಳೆಯ ಹುಡುಗಿ. ಪ್ರತಿ ಪಾಠದ ಕೊನೆಗೆ ಎಲ್ಲರ ಮೇಲಿಂದ ಕಣ್ಣು ಹಾಯಿಸಿ ಅವನಲ್ಲಿಗೆ ಬಂದು ನಿಲ್ಲುತ್ತಿದ್ದಳು.

"ಕಾಕಾ, ಸಮಜಲಂ ಕಾ?"

ತಿಳಿಯಿತೇ ಎಂದು ಅವಳು ಅಷ್ಟು ಮೆತ್ತಗೆ ಕೇಳುವುದೇ ಅವನಿಗೆ ಚುಚ್ಚುತ್ತಿತ್ತು. ಕಾರ್ಖಾನೆಯಲ್ಲಿ ಅವನು ಯಾರ ಕಾಕಾನೂ ಅಲ್ಲ, ಗುರು ಮಿಸ್ತ್ರಿ. ಇಲ್ಲಿ ತಿಳಿಯಲಿಲ್ಲ ಎಂದರೆ ಹುಡುಗರು ಹಿಂತಿರುಗಿ ನೋಡುತ್ತಾರೆ, ತಿಳಿಯಿತು ಎಂದರೆ ಪಾಠ ಮುಂದೆ ಹೋಗುತ್ತದೆ. ಅವನು ಹೆಚ್ಚಾಗಿ ತಿಳಿಯಿತು ಎಂದೇ ಹೇಳಿದ.

ಮೊದಲ ತಿಂಗಳು ಹೇಗೋ ಸಾಗಿತು. ಪರದೆಯ ಮೇಲೆ ಒಂದು ಪುಟ ಮಾಡಿ, ಅದರಲ್ಲಿ ತನ್ನ ಹೆಸರು ನೀಲಿ ಬಣ್ಣದಲ್ಲಿ ಬರುವಂತೆ ಮಾಡಿ, ಫೋಟೋ ತೆಗೆದು ಶೀತಲಳಿಗೆ ಕಳಿಸಿದ. ಆಮೇಲೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಬಂತು. ಮಗ್ಗದಲ್ಲಿ ಎಳೆ ಹರಿದರೆ ಹರಿದ ಎಳೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಒಂದು ಕಂಸದ ಚಿಹ್ನೆ ಬಿಟ್ಟುಹೋದರೆ ಇಡೀ ಪುಟ ಬೆಳ್ಳಗಾಗಿ ಸುಮ್ಮನೆ ಕೂಡುತ್ತದೆ. ಕೆಂಪು ಅಕ್ಷರದಲ್ಲಿ ಬರುವ ತಪ್ಪಿನ ಸೂಚನೆ ಇಂಗ್ಲಿಷಿನಲ್ಲಿ. ಅದನ್ನು ಮೊಬೈಲಿನಲ್ಲಿ ಮರಾಠಿ ಮಾಡಿಕೊಂಡು ಓದಿದರೆ ಇನ್ನಷ್ಟು ಗೊಂದಲ. ಒಂದು ಸಂಜೆ ಲ್ಯಾಪ್‌ಟಾಪನ್ನು ಎಷ್ಟು ಜೋರಾಗಿ ಮುಚ್ಚಿದನೆಂದರೆ ಪಕ್ಕದ ಹುಡುಗಿ ತನ್ನದನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆದರೂ ಬಿಡಲಿಲ್ಲ. ಹಟಕ್ಕೆ ಬಿದ್ದು ಬಸ್ಸಿನಲ್ಲೂ ಪಾಠ ಕೇಳಿದ. ಅರ್ಧ ಕೋರ್ಸು ಮುಗಿಯುವ ಹೊತ್ತಿಗೆ ಒಂದು ಸಣ್ಣ ಲೆಕ್ಕದ ಪುಟ ತಾನೇ ಮಾಡುವಷ್ಟಾಗಿದ್ದ. ಆಗ ಕ್ಲಾಸಿನ ಮಾಲೀಕ ಕುಂಥುನಾಥ ಒಂದು ದಿನ ಎಲ್ಲರನ್ನೂ ಕೂಡಿಸಿ, ವೆಬ್ ಕೆಲಸಕ್ಕೆ ಈಗ ಮಾರುಕಟ್ಟೆಯಿಲ್ಲ, ಅದನ್ನೆಲ್ಲ ಎ.ಐ. ಮಾಡುತ್ತದೆ, ಸೋಮವಾರದಿಂದ ಈ ಬ್ಯಾಚನ್ನು ಎ.ಐ. ಬ್ಯಾಚಿಗೆ ಸೇರಿಸಿದ್ದೇನೆ ಎಂದ. ಹುಡುಗರು ಚಪ್ಪಾಳೆ ತಟ್ಟಿದರು. ಗುರುಸಿದ್ದ ಎದ್ದು ನಿಂತ.

"ಸರ್, ನಾವು ಬಂದದ್ದು ಒಂದಕ್ಕ. ಅದು ಅರ್ಧಾ ಆಗೇತಿ. ಅದನ್ನ ಮುಗಸ್ರಿ."

ಕುಂಥುನಾಥನ ಮನೆಮಾತೂ ಕನ್ನಡವೇ. ಬಹಳ ವಿನಯದಿಂದ ಹೇಳಿದ. "ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನ್ರಿ. ಹಳೇದ ಕಲತ ಏನ ಮಾಡ್ತೀರಿ?"

"ನಾಕ ತಿಂಗಳ ಹಿಂದ ಇದ ಹೊಸಾದ ಇತ್ತಲ್ರಿ."

ಅದಕ್ಕೆ ಕುಂಥುನಾಥ ನಕ್ಕ, ಅಷ್ಟೇ. ಕೆಳಗಿಳಿಯುವಾಗ ರುತುಜಾ ಮೆಟ್ಟಿಲ ಬಳಿ ಸಿಕ್ಕಳು. ಆ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದಳು. ಎ.ಐ. ತನಗೂ ಬರುವುದಿಲ್ಲ, ಸಂಜೆ ಕಲಿಸುವುದನ್ನು ಬೆಳಿಗ್ಗೆ ಕೂತು ಕಲಿಯುವುದು ಸಾಕಾಗಿದೆ ಎಂದಳು. ಗುರುಸಿದ್ದನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟನ್ನೆಲ್ಲ ಹಾಗೆಯೇ ಇಚಲಕರಂಜಿಗೆ ಹೊತ್ತು ತಂದ.

ಮನೆಗೆ ಬಂದು ಕೂತದ್ದೇ ಶೀತಲಳ ಕರೆ ಬಂತು. ಅಲ್ಲಿ ಅವಳಿಗೆ ಮಧ್ಯಾಹ್ನದ ಬಿಡುವು.

"ಸುಮಿತ ಹೇಳಾಕತ್ತಿದ್ದ, ಈಗ ಡೇಟಾ ಅನಾಲಿಟಿಕ್ಸ್‌ಗೆ ಭಾಳ ಬೇಡಿಕಿ ಐತೆಂತ. ಇಲ್ಲಂದ್ರ ಸೈಬರ್..."

"ಸುಮಿತಗ ಹೇಳು, ಅವನ ಬಂದು ಕಲೀಲಿ," ಎಂದ ಗುರುಸಿದ್ದ. "ಒಂದೂವರಿ ತಿಂಗಳಿಗೊಂದ ಹೆಸರ ಹೇಳ್ತಾನ. ನಾ ಏನ ಸಂತಿ ಎತ್ತ ಆಗೇನೇನು, ಹೊಳ್ಳಿ ಹೊಳ್ಳಿ ಹಲ್ಲ ಎಣಸಾಕ? ನಾ ಬರಂಗಿಲ್ಲ. ನೀ ಅಲ್ಲೇ ಇರು, ನಾ ಇಲ್ಲೇ ಇರ್ತೇನಿ."

ಆಚೆಯಿಂದ ಅವಳು ಮೂಗು ಎಳೆದುಕೊಂಡ ಸದ್ದು ಕೇಳಿತು.

"ನನ್ನ ಪರೀಕ್ಷಾ ಹೋಗೇತ್ರಿ," ಎಂದಳು. "ಇಲ್ಲಿ ನರ್ಸ್ ಅಂತ ಹೆಸರ ಹಚ್ಚಾಕ ಒಂದ ಪರೀಕ್ಷಾ ಇರತೈತಿ. ಹನ್ನೊಂದ ವರ್ಷ ಕೊಲ್ಹಾಪುರದಾಗ ಸಲಾಯಿನ್ ಹಚ್ಚಿದಾಕಿ ನಾ. ಪೇಶಂಟಗ ಮದಲ ನಿನ್ನ ಹೆಸರ ಏನಂತ ಕೇಳ್ಲಿಲ್ಲಂತ ಮಾರ್ಕ್ ಕಡದ್ರು. ಅವ್ವಗೂ ಹೇಳಿಲ್ಲ. ಇನ್ನೊಮ್ಮೆ ಕೂಡಬೇಕು. ಅಲ್ಲೀತನಕ ಮುದುಕರಿಗೆ ಜಳಕಾ ಮಾಡಿಸಾಕತ್ತೇನಿ."

ಆಮೇಲೆ ಅವಳೇ ಕೇಳಿದಳು.

"ಸುಮಿತಂದ ಬಿಡ್ರಿ. ನಿಮಗ ಏನ ಹಿಡಸತೈತಿ ಅದನ್ನ ಹೇಳ್ರಿ."

ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನೋಡೋಣ ಎಂದು ಹೇಳಿ ಅವನು ಫೋನು ಇಟ್ಟ. ಆ ಪ್ರಶ್ನೆ ಅವನನ್ನು ಕೆಣಕುತ್ತಲೇ ಇತ್ತು.

ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. ಮಳೆಗಾಲದಲ್ಲಿ ಅವನ ಮಾಲೀಕ ಹಳೆಯ ಮಗ್ಗಗಳಲ್ಲಿ ಅರ್ಧವನ್ನು ಗುಜರಿಗೆ ಹಾಕಿ ಲಾಳಿಯಿಲ್ಲದ ಹೊಸ ಮಗ್ಗಗಳನ್ನು ತಂದ. ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗಾಜಿನ ಪರದೆ. ಮಗ್ಗ ನಿಂತರೆ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತಿತ್ತು. ಅದರ ಮುಂದಕ್ಕೆ ಹೋಗಬೇಕೆಂದರೆ ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದವನು ಕಂಪನಿಯ ಫಿಟ್ಟರ್ ಒಬ್ಬನೇ. ಅವನು ಸೂರತ್‌ನಿಂದ ಬರಬೇಕು.

ಫಿಟ್ಟರ್ ಬಂದ ದಿನ ಗುರುಸಿದ್ದ ಪಕ್ಕದಲ್ಲಿ ನಿಂತು ನೋಡಿದ. ಫಿಟ್ಟರ್ ಬೆನ್ನು ಅಡ್ಡ ಮಾಡಿ ಪಾಸ್‌ವರ್ಡ್ ಒತ್ತಿದ. ಹೇಳಿಕೊಡಪ್ಪಾ ಎಂದರೆ, ಕಂಪನಿಯ ನಿಯಮ ಎಂದ. ಮಗ್ಗ ಶುರುವಾಯಿತು, ಅವನು ಹೋದ. ಎರಡನೇ ದಿನ ಅದೇ ಸಂಖ್ಯೆ ಬಂತು, ಮಗ್ಗ ನಿಂತಿತು. ಹತ್ತಾರು ವರ್ಷ ಮಗ್ಗಗಳ ಹೊಟ್ಟೆಯೊಳಗೆ ಕೈಹಾಕಿದ ಗುರುಸಿದ್ದ ಆ ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಸ್ಪ್ಯಾನರ್ ಹಿಡಿದು ದಿನಗಟ್ಟಲೆ ಕಾದ. ಈ ಪೆಟ್ಟಿಗೆಯೊಳಗೆ ಏನಿದೆ ಎಂದು ತನಗೆ ಗೊತ್ತಾಗಬೇಕು. ಸುಮಿತನಿಗಾಗಿ ಅಲ್ಲ, ಐರ್ಲೆಂಡಿಗಾಗಿಯೂ ಅಲ್ಲ.

ಕೇಳಿ ತಿಳಿದು ಕೊಲ್ಹಾಪುರದ ಹತ್ತಿರದ ಶಿರೋಳಿಗೆ ಹೋದ. ಅಲ್ಲಿ ಧೋಂಡಿಬಾ ಎಂಬ ಹಳೆಯ ಇಲೆಕ್ಟ್ರಿಶಿಯನ್, ಫೌಂಡ್ರಿ ಕೆಲಸ ಬಿಟ್ಟು ತಗಡಿನ ಶೆಡ್ಡಿನಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದ. ಇಂಥ ಪೆಟ್ಟಿಗೆಗಳಲ್ಲಿ ಯಂತ್ರಕ್ಕೆ ಅಪ್ಪಣೆ ಕೊಡುವ ಸಣ್ಣ ಕಂಪ್ಯೂಟರ್ ಇರುತ್ತದೆ, ಪಿ.ಎಲ್.ಸಿ. ಎನ್ನುತ್ತಾರೆ ಎಂದು ಹೇಳಿಕೊಟ್ಟವನು ಅವನೇ. ರವಿವಾರ ಬಾ ಎಂದ. ಹೋದರೆ ಮೊದಲ ತಿಂಗಳು ವೈರ್ ಸುಲಿಯಲು ಹಚ್ಚಿದ.

"ಹಾತ ಲಾವಲ್ಯಾಶಿವಾಯ ಯೇತ ನಾಯ," ಎನ್ನುತ್ತಿದ್ದ ಧೋಂಡಿಬಾ. ಕೈ ಹಚ್ಚದೆ ಬರುವುದಿಲ್ಲವಂತೆ. ಆದರೆ ಪಿ.ಎಲ್.ಸಿ.ಗೆ ಕೈ ಹಚ್ಚಲು ಮಾತ್ರ ಬಿಡುತ್ತಿರಲಿಲ್ಲ. ತುರ್ತು ಕೆಲಸ ಬಂದರೆ ಪಾಠವಿಲ್ಲ. ಸಂಬಂಧಿಕರಲ್ಲಿ ಲಗ್ನವಿದ್ದರೆ ಪಾಠವಿಲ್ಲ. ಎಷ್ಟೋ ರವಿವಾರ ಗುರುಸಿದ್ದ ಮುಚ್ಚಿದ ಶೆಡ್ಡಿನ ಮುಂದೆ ಚಹಾ ಕುಡಿದು ಮರಳಿದ. ಶೆಡ್ಡಿನ ಕಂಪ್ಯೂಟರ್ ಎಷ್ಟು ಹಳೆಯದೆಂದರೆ ಪ್ರೋಗ್ರಾಮ್ ತೆರೆಯುವಷ್ಟರಲ್ಲಿ ಒಂದು ಬೀಡಿ ಮುಗಿಯುತ್ತಿತ್ತು. ಆದರೂ ಇದು ಅವನ ತಲೆಗೆ ಹತ್ತಿತು. ಒಂದು ಸೆನ್ಸರಿಗೆ ವಸ್ತು ಕಂಡರೆ ಮೋಟರ್ ತಿರುಗಬೇಕು, ಇನ್ನೊಂದಕ್ಕೆ ಕಂಡರೆ ನಿಲ್ಲಬೇಕು. ಪರದೆಯ ಮೇಲೆ ಅದು ಏಣಿಯ ಮೆಟ್ಟಿಲಿನಂತೆ ಕಾಣುತ್ತಿತ್ತು. ದೀಪಾವಳಿ ಹೊತ್ತಿಗೆ ತಾನೇ ಬರೆದ ಪ್ರೋಗ್ರಾಮಿನಿಂದ ಮೇಜಿನ ಮೇಲಿನ ಸಣ್ಣ ಮೋಟರ್ ತಿರುಗಿಸಿದ. ಧೋಂಡಿಬಾ ಹೂಂ ಎಂದು, ವೈರ್ ಸರಿಯಾಗಿ ಕಟ್ಟಿಲ್ಲ ಎಂದು ಬೈದ.

ಮಗ್ಗದ ಪಾಸ್‌ವರ್ಡ್ ಕೊನೆಗೂ ಸಿಗಲಿಲ್ಲ. ಅಷ್ಟರಲ್ಲಿ ಶೀತಲ ಎರಡನೇ ಸಲ ಪರೀಕ್ಷೆ ಪಾಸಾದಳು, ಮನೆ ಸಿಕ್ಕಿತು, ಅವನ ವೀಸಾ ಬಂತು. ಹೊಸ ಮಾದರಿಯ ಪಿ.ಎಲ್.ಸಿ. ಕಲಿಸುತ್ತೇನೆ ಎಂದು ಧೋಂಡಿಬಾ ಮಾತು ಕೊಟ್ಟಿದ್ದು ಮುಂದಿನ ತಿಂಗಳಿಗೆ. ಆ ತಿಂಗಳು ಗುರುಸಿದ್ದ ವಿಮಾನದಲ್ಲಿದ್ದ.

ಐರ್ಲೆಂಡಿನಲ್ಲಿ ಅವನ ವೆಬ್ ಪುಟವನ್ನು ಯಾರೂ ಕೇಳಲಿಲ್ಲ. ಧೋಂಡಿಬಾ ತನ್ನ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟ ಪ್ರಮಾಣಪತ್ರವನ್ನು ಕೆಲಸ ಕೊಡಿಸುವ ಕಚೇರಿಯಲ್ಲಿ ಒಬ್ಬಾಕೆ ತಿರುಗಿಸಿ ನೋಡಿ ಮರಳಿ ಕೊಟ್ಟಳು. ಬ್ರೆಡ್ ಕಾರ್ಖಾನೆಯೊಂದರಲ್ಲಿ ಟ್ರೇ ತೊಳೆಯುವ ಕೆಲಸ ಸಿಕ್ಕಿತು. ಕೆಲ ತಿಂಗಳ ನಂತರ, ಯಂತ್ರ ನಿಂತಾಗಲೆಲ್ಲ ಪ್ಯಾನೆಲ್ ಹತ್ತಿರ ಹೋಗಿ ನಿಲ್ಲುವ ಇವನನ್ನು ನೋಡಿ ಅಲ್ಲಿಯ ದುರಸ್ತಿ ವಿಭಾಗದವರು ಸಹಾಯಕನಾಗಿ ಎಳೆದುಕೊಂಡರು. ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಆದರೆ ಪ್ಯಾನೆಲ್ ತೆರೆಯುವ ಹಕ್ಕು ಸಹಾಯಕನಿಗಿಲ್ಲ. ಅದಕ್ಕೆ ಅಲ್ಲಿಯ ಕಾಲೇಜಿನಲ್ಲೇ ಕೋರ್ಸು ಮಾಡಬೇಕು. ಎರಡು ವರ್ಷ, ವಾರದಲ್ಲಿ ಮೂರು ಸಂಜೆ, ಮೊದಲ ಪಾಠ ವೈರ್ ಸುಲಿಯುವುದು.

ಅಂದು ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದ. ಶೀತಲ ರೊಟ್ಟಿ ಬಡಿಯುತ್ತಿದ್ದಳು.

"ಮತ್ತ ಮದಲಿಂದ ಕಲೀಬೇಕಂತ," ಎಂದ. "ಎಷ್ಟ ಸಲ ಮದಲಿಂದ?"

ಅವಳು ಸಮಾಧಾನ ಹೇಳಲಿಲ್ಲ. "ನನಗೂ ಮುಂದಿನ ವಾರ ಹೊಸಾದೊಂದ ಟ್ರೇನಿಂಗ್ ಐತಿ," ಎಂದಳು. "ಕೈ ತೊಳ್ಯೂದು ಹೆಂಗಂತ."

ಗುರುಸಿದ್ದನಿಗೆ ನಗು ಬರಲಿಲ್ಲ. ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟ. ಆ ಕಾಲೇಜಿಗೆ ಬಸ್ಸು ಎಲ್ಲಿಂದ ಹೋಗುತ್ತದೆ ಎಂದು ಕೇಳಿದ.