ಒಂಬತ್ತು ಸಂಪುಟಗಳ ತಾಳಮದ್ದಳೆ

ಹೋದ ವಾರ ಕಪಾಟು ಒರೆಸುತ್ತಿದ್ದಾಗ ಕೆಳಗಿನ ಸಾಲಿನಿಂದ ಒಂದು ದಪ್ಪ ಪುಸ್ತಕ ಜಾರಿ ಬಿತ್ತು. ಎತ್ತಿಕೊಂಡು ಬಿಡಿಸಿದರೆ ಇಂಗಿನ ವಾಸನೆ. ಇಷ್ಟು ವರ್ಷ ಕಳೆದರೂ, ಊರಿಂದೂರಿಗೆ ಲಾರಿಯಲ್ಲಿ ಅಲೆದು ಬಂದರೂ ಹೋಗಿಲ್ಲ. ವೇಲಚೇರಿಯ ಒಂದು ಹೋಟೆಲಿನ ಮಹಡಿಯ ಮೇಲೆ ಕೂತು ಓದಿದ ಪುಸ್ತಕ ಅದು. ಕೆಳಗೆ ಒಗ್ಗರಣೆ ಬಿದ್ದಾಗಲೆಲ್ಲ ಅದರ ಘಮ ಮೆಟ್ಟಿಲು ಹತ್ತಿ ಬಂದು ನಮ್ಮ ಜೊತೆ ಕೂತುಬಿಡುತ್ತಿತ್ತು. ಆ ಕೋಣೆ ಅಕ್ಕನದು...

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರ ಸಸ್ಯಾಹಾರಿ ಹೋಟೆಲ್ ಅದು, ಅಕ್ಕ ಆ ಮನೆಯ ಸೊಸೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹೋಟೆಲ್ ನಡೆಸುತ್ತಿದ್ದದ್ದು ಗಂಡನ ಅಣ್ಣ. ಅಕ್ಕ ಅವರನ್ನು ಭಾವ ಎನ್ನುತ್ತಿದ್ದರು, ಕೇಳಿ ಕೇಳಿ ನಮಗೂ ಅವರು ಭಾವನೇ ಆಗಿಬಿಟ್ಟರು.

ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದದ್ದು ಎರಡು ಸಾವಿರದ ಎರಡರಲ್ಲಿ. ಚೆನ್ನೈ ಎಂದು ಹೆಸರು ಬದಲಾಗಿ ಆಗಲೇ ಕೆಲವು ವರ್ಷವಾಗಿತ್ತು, ನಮ್ಮಮ್ಮನ ಬಾಯಲ್ಲಿ ಮಾತ್ರ ಮದರಾಸೇ. ಯಜಮಾನರಿಗೆ ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತಿತ್ತು. ನನಗೆ ತಮಿಳು ಬಾರದು. ಮೈಸೂರಿನಲ್ಲಿ ಬಾಯಿಬಡುಕಿ ಎಂದು ಹೆಸರು ತೆಗೆದುಕೊಂಡವಳು ಇಲ್ಲಿ ತರಕಾರಿಯವನ ಮುಂದೆ ಬೆರಳು ತೋರಿಸಿ ನಿಲ್ಲುತ್ತಿದ್ದೆ. ವೇಲಚೇರಿಯ ನಮ್ಮ ಬಾಡಿಗೆ ಫ್ಲ್ಯಾಟಿನ ಎರಡೂ ಕಿಟಕಿ ತೆರೆದರೂ ಕಾಣುವುದು ಪಕ್ಕದ ಕಟ್ಟಡದ ಗೋಡೆ. ಒಂದು ಮಳೆ ಬಂದರೆ ಬೀದಿಯಲ್ಲಿ ಮೊಣಕಾಲುದ್ದ ನೀರು, ಆಗ ಬಾಗಿಲಿಗೂ ಬರುವಂತಿರಲಿಲ್ಲ.

ಅಂಥ ದಿನಗಳಲ್ಲೇ ಹಳೇ ಪುಸ್ತಕದ ಅಂಗಡಿಯಲ್ಲಿ ಆ ಸರಣಿ ಕಣ್ಣಿಗೆ ಬಿತ್ತು. ಇಂಗ್ಲಿಷಿನ ವೈಜ್ಞಾನಿಕ ಕಾದಂಬರಿ, ಒಂಬತ್ತು ಸಂಪುಟ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ನಕ್ಷತ್ರವೊಂದರ ಕಡೆಗೆ ಹೊರಟ ಹಡಗಿನ ಕಥೆ. ದಾರಿ ಎಷ್ಟು ದೂರವೆಂದರೆ ಹತ್ತಿದವರು ಅದರೊಳಗೇ ಮುದುಕರಾಗಿ ಸಾಯಬೇಕು, ಮಕ್ಕಳು ಮೊಮ್ಮಕ್ಕಳು ಅದರೊಳಗೇ ಹುಟ್ಟಬೇಕು. ಒಬ್ಬಳೇ ಓದಿದರೆ ಬೇಗ ಮುಗಿದುಹೋಗಿ ಮತ್ತೆ ಗೋಡೆ ನೋಡುತ್ತ ಕೂರಬೇಕಲ್ಲ ಎಂಬ ಭಯಕ್ಕೆ ನನಗೊಂದು ಉಪಾಯ ಹೊಳೆಯಿತು. ಹತ್ತಿರದ ಆ ಉಡುಪಿ ಹೋಟೆಲಿಗೆ ಕನ್ನಡದವರು ಬಂದು ಹೋಗುತ್ತಾರೆಂದು ಗೊತ್ತಿತ್ತು. ಗಲ್ಲಾದ ಗಾಜಿಗೆ ಒಂದು ಚೀಟಿ ಅಂಟಿಸಿದೆ: ಒಟ್ಟಿಗೆ ಕೂತು ಓದೋಣ, ಬರುವವರು ಬನ್ನಿ.

ಬಂದವರು ಇಬ್ಬರು. ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು, ಪೋರೂರಿನ ನರ್ಸಿಂಗ್ ಶಾಲೆಯ ಟೀಚರ್ ಒಬ್ಬರು. ಎಲ್ಲಿ ಕೂರುವುದು ಎಂದು ಗಲ್ಲಾದ ಎದುರು ಮಾತಾಡಿಕೊಳ್ಳುತ್ತಿದ್ದಾಗ ಸಪ್ಲೈಯರ್ ಬಂದು, ಮೇಲೆ ಅಕ್ಕ ಕರೆಯುತ್ತಾರೆ ಎಂದ. ಹೋದೆವು. ನಲವತ್ತು ದಾಟಿದ ಹೆಂಗಸು, ಕೈಗೆ ಮೆಣಸಿನ ಪುಡಿ ಹತ್ತಿತ್ತು. "ಚೀಟಿ ನಾನೂ ಓದಿದೆ. ಇಲ್ಲೇ ಕೂತುಕೊಳ್ಳಿ. ನನಗೆ ಹೊರಗೆ ಬರ್ಲಿಕ್ಕೆ ಆಗುದಿಲ್ಲ, ಹಾಗಾಗಿ ನೀವೇ ಬರ್ಬೇಕಷ್ಟೆ," ಎಂದರು. ಇಂಗ್ಲಿಷ್ ಬರುತ್ತದೆಯೇ ಎಂದು ರಾಯರು ಸ್ವಲ್ಪ ಅನುಮಾನದಲ್ಲೇ ಕೇಳಿದರು. ಬಿ.ಎ. ಪರೀಕ್ಷೆ ಬರೆದಿದ್ದೆ, ರಿಸಲ್ಟ್ ಬರುವ ಮೊದಲು ಮದುವೆಯಾಯಿತು ಎಂದರು ಅಕ್ಕ.

ಹೊರಗೆ ಬರಲಿಕ್ಕೆ ಆಗುವುದಿಲ್ಲ ಎಂಬುದರ ಅರ್ಥ ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಆ ಮೆಟ್ಟಿಲು ಇಳಿದರೆ ಅಡುಗೆಮನೆ, ಅಡುಗೆಮನೆ ದಾಟಿದರೆ ಗಲ್ಲಾ, ಗಲ್ಲಾದಲ್ಲಿ ಭಾವ. ಬೇರೆ ದಾರಿಯಿಲ್ಲ. ಭಾವ ಗದರುವವರಲ್ಲ, ಎಂದೂ ದನಿ ಏರಿಸಿದವರಲ್ಲ. ಅಕ್ಕ ಚಪ್ಪಲಿ ಮೆಟ್ಟಿದ್ದು ಕಂಡರೆ, "ಎಂತ ಬೇಕಿತ್ತು? ತರಿಸಿ ಕೊಡ್ತೇನೆ," ಎನ್ನುವರು. ಸೀರೆ ಬೇಕೆಂದರೆ ಸೀರೆ ಬರುತ್ತಿತ್ತು, ಮಾತ್ರೆ ಬೇಕೆಂದರೆ ಮಾತ್ರೆ. ಬೇಕಾದದ್ದೆಲ್ಲ ಮೆಟ್ಟಿಲು ಹತ್ತಿ ಬರುವಾಗ ಇಳಿಯಲು ಕಾರಣವೇ ಸಿಗುತ್ತಿರಲಿಲ್ಲ. ನನ್ನ ಗೋಡೆಯಾದರೂ ಗೋಡೆಯ ಹಾಗೆ ಕಾಣುತ್ತಿತ್ತು.

ಇದಕ್ಕೆಲ್ಲ ಮೂಲ ಅಕ್ಕನ ಕೈ. ಸಾಂಬಾರಿನ ಮಸಾಲೆ ಹುರಿಯುವುದು ಅವರೇ. ಅಳತೆ ಹೇಳಿಕೊಟ್ಟರೂ ಭಟ್ಟರ ಕೈಯಲ್ಲಿ ಆ ಹದ ಬರುತ್ತಿರಲಿಲ್ಲವಂತೆ. ಒಮ್ಮೆ ಅಕ್ಕ ಕಾಯಿಲೆ ಮಲಗಿದಾಗ ಗಿರಾಕಿಗಳು ಸಾಂಬಾರು ಹಾಗೇ ಬಿಟ್ಟು ಎದ್ದರಂತೆ. ಭಾವ ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು: ಅವಳ ಕೈ ಇಲ್ಲದಿದ್ದರೆ ಹೋಟೆಲೇ ಇಲ್ಲ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದು ಓದಿದ್ದೆ. ಕಣ್ಣಾರೆ ಕಂಡದ್ದು ಅಲ್ಲಿಯೇ.

ಶನಿವಾರ ಮಧ್ಯಾಹ್ನ, ಊಟದ ಗಲಾಟೆ ಇಳಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಓದು. ನಾನು ಸಂಘಟಕಿಯಲ್ಲವೇ, ಕಟ್ಟುನಿಟ್ಟು ಮಾಡಿದೆ: ಯಾರೂ ಮುಂದಿನ ಪುಟ ಕದ್ದು ಓದಕೂಡದು. ನಾನೂ ಓದುತ್ತಿರಲಿಲ್ಲ. ಒಂದು ಅಧ್ಯಾಯ ಇಂಗ್ಲಿಷಿನಲ್ಲಿ ಓದಿ, ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ದಿನ ರಾಯರು ಆ ಹಡಗಿನ ಕ್ಯಾಪ್ಟನ್ನನ್ನು ಹಿಗ್ಗಾಮುಗ್ಗಾ ಬೈಯಲು ಹತ್ತಿದರು. ಅಕ್ಕ ತಡೆದರು. "ಇಲ್ಲದವನನ್ನು ಹಾಗೆಲ್ಲ ಬೈಲಿಕ್ಕಿಲ್ಲ. ಅವನ ಪರವಾಗಿ ನಾನು ಹೇಳ್ತೇನೆ, ಕೇಳಿ," ಎಂದು ಸೆರಗು ಸಿಕ್ಕಿಸಿ ನೆಟ್ಟಗೆ ಕೂತರು. ಆಮೇಲೆ ಅರ್ಧ ಗಂಟೆ ನಮ್ಮೆದುರು ಇದ್ದದ್ದು ಕ್ಯಾಪ್ಟನ್. ರಾಯರ ಒಂದೊಂದು ಮಾತನ್ನೂ ಹಿಡಿದು, ತಿರುಗಿಸಿ, ಅವರಿಗೇ ಒಪ್ಪಿಸಿದರು.

ಅದು ತಾಳಮದ್ದಳೆಯ ಕ್ರಮ ಎಂದು ಅವರೇ ಬಿಡಿಸಿ ಹೇಳಿದರು. ಕರಾವಳಿಯಲ್ಲಿ ಯಕ್ಷಗಾನದವರು ವೇಷ ಕಟ್ಟದೆ, ಕುಣಿಯದೆ, ಸುಮ್ಮನೆ ಕೂತು ಪಾತ್ರದ ಬಾಯಲ್ಲಿ ವಾದ ಮಾಡುವ ಕೂಟ. ಕಥೆಗೆ ಪ್ರಸಂಗ ಎನ್ನುತ್ತಾರೆ, ಪಾತ್ರದ ಮಾತಿಗೆ ಅರ್ಥ. ಅಕ್ಕನ ತವರಿನಲ್ಲಿ ಮಳೆಗಾಲವೆಲ್ಲ ಅದೇ ನಡೆಯುತ್ತಿತ್ತಂತೆ. ಗಂಡಸರು ಚಾವಡಿಯಲ್ಲಿ ಅರ್ಥ ಹೇಳಿದರೆ ಹೆಂಗಸರು ಒಳಗೆ ಚಹಾ ಮಾಡುತ್ತ ಕೇಳಿಸಿಕೊಳ್ಳುವುದು. "ಎಲ್ಲಾ ಬಾಯಿಗೆ ಬರ್ತದೆ ಮಾರಾಯ್ತಿ. ಕೂರ್ಲಿಕ್ಕೆ ಜಾಗ ಮಾತ್ರ ಇರ್ಲಿಲ್ಲ," ಎಂದರು. ಅಂದಿನಿಂದ ನಮ್ಮ ವೈಜ್ಞಾನಿಕ ಕಾದಂಬರಿ ತಾಳವೂ ಇಲ್ಲದ, ಮದ್ದಳೆಯೂ ಇಲ್ಲದ ತಾಳಮದ್ದಳೆಯಾಯಿತು. ಅಕ್ಕ ಕ್ಯಾಪ್ಟನ್ ಆದರು, ಯಂತ್ರವಾದರು, ಒಮ್ಮೆ ನಕ್ಷತ್ರವೇ ಆದರು. ಅಷ್ಟು ಚೆಂದದ ಕನ್ನಡ ನಾನು ಮೈಸೂರಿನಲ್ಲೂ ಕೇಳಿರಲಿಲ್ಲ. ವಾರವಿಡೀ ಶನಿವಾರಕ್ಕೆ ಕಾಯುತ್ತಿದ್ದೆ...

ಆರನೆಯ ಸಂಪುಟ ಓದುತ್ತಿದ್ದಾಗ ಪೋರೂರಿನ ಟೀಚರ್ ಒಂದು ಸುದ್ದಿ ತಂದರು. ಅವರ ಶಾಲೆಯ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಮನೆತನ ಟೀಚರದು, ಕನ್ನಡದಲ್ಲಿ ಅರ್ಧ ತಮಿಳು, ಊಟಕ್ಕೆ ಸಾಪ್ಪಾಡು ಎನ್ನುವರು. "ರೂಮು, ಸಾಪ್ಪಾಡು ಎಲ್ಲಾ ಅವರದೇ ಅಕ್ಕ. ಸಂಬಳ ಬೇರೆ. ಸುಮ್ಮನೆ ಬನ್ನಿ, ನಾನಿಲ್ವಾ?" ಎಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ರೂಮಿನ ಬೀಗದ ಕೈ ನನ್ನ ಹತ್ರವೇ ಇರ್ತದಾ?"

ಭಾವನನ್ನು ಕೇಳಿದರು. ಭಾವ ನಕ್ಕುಬಿಟ್ಟರಂತೆ. ಎರಡನೆಯ ಸಲ ಕೇಳಿದಾಗ ಹೊಸ ಮಿಕ್ಸಿ ತರಿಸಿಕೊಟ್ಟರು. ಹೇಳದೆ ಹೊರಟುಬಿಡಿ ಎಂದೆ ನಾನು. ಅಕ್ಕ ತಲೆ ಅಲ್ಲಾಡಿಸಿದರು. ಕದ್ದು ಹೋದವಳು ಎನ್ನಿಸಿಕೊಳ್ಳುವುದು ಬೇಡ, ಗಲ್ಲಾದ ಎದುರಿನಿಂದಲೇ ನಡೆದು ಹೋಗಬೇಕು ಎಂಬುದು ಅವರ ಹಟ. ಆಮೇಲೆ ಅವರದೇ ಒಂದು ಲೆಕ್ಕಾಚಾರ ಹೇಳಿದರು. ಭಾವ ಹರೆಯದಲ್ಲಿ ದೊಡ್ಡ ಅರ್ಥಧಾರಿ. ಒಂದು ಕೂಟದಲ್ಲಿ ತನಗಿಂತ ಚಿಕ್ಕವನ ಎದುರು ವಾದದಲ್ಲಿ ಸೋತಾಗ, ಹೊದ್ದ ಶಾಲನ್ನು ತೆಗೆದು ಅವನಿಗೇ ಹೊದಿಸಿದವರು. "ಮನೆಯಲ್ಲಿ ಸೋಲುದಿಲ್ಲ ಅವ್ರು. ಅರ್ಥದಲ್ಲಿ ಸೋತ್ರೆ ಒಪ್ಪಿಕೊಳ್ತಾರೆ. ಮುಂದಿನ ವಾರ ಅವರನ್ನು ಕರಿ," ಎಂದರು.

ಆರನೆಯ ಸಂಪುಟದ ಕೊನೆಯ ಭಾಗ ಅದು. ಹಡಗಿನಲ್ಲಿ ಬೀಜ ಬಿತ್ತಿ ಬೆಳೆ ತೆಗೆಯುವ ಹೆಂಗಸೊಬ್ಬಳು ದಾರಿಯಲ್ಲಿ ಸಿಗುವ ಸಣ್ಣ ಗ್ರಹದಲ್ಲಿ ಇಳಿಯಬೇಕೆನ್ನುತ್ತಾಳೆ. ನೀನು ಹೋದರೆ ಹಡಗು ಉಪವಾಸ ಬೀಳುತ್ತದೆ ಎಂದು ಕ್ಯಾಪ್ಟನ್ ತಡೆಯುತ್ತಾನೆ. ಹಿಂದಿನ ವಾರ ಓದು ಅಲ್ಲಿಗೆ ನಿಂತಿತ್ತು, ಅಕ್ಕ ಹುಡುಕಿ ಆರಿಸಬೇಕಾಗಿ ಬರಲಿಲ್ಲ. ಭಾವ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿಕೊಂಡು ಖುಷಿಯಲ್ಲಿ ಮೇಲೆ ಬಂದರು. ಕಥೆ ಹೇಳಿದೆ. ಕ್ಯಾಪ್ಟನ್ನಿನ ಅರ್ಥ ನನಗಿರಲಿ ಎಂದು ಅವರೇ ಕೇಳಿ ಪಡೆದರು.

ಭಾವ ಚೆನ್ನಾಗಿಯೇ ಹೇಳಿದರು, ಅದನ್ನು ಒಪ್ಪಬೇಕು. ಧರ್ಮ, ಋಣ, ಹಸಿದ ಮಕ್ಕಳು ಎಲ್ಲ ಬಂತು. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಶುರು ಮಾಡಿದರು.

"ನಾಯಕಾ, ನನ್ನ ಕೈ ಇಲ್ಲದಿದ್ದರೆ ಈ ಹಡಗಿಗೆ ಅನ್ನವಿಲ್ಲ ಎಂದೆ. ಒಪ್ಪಿದೆ. ಹಾಗಾದರೆ ಇಲ್ಲಿ ಒಡೆತನ ಯಾರದು? ಅನ್ನ ಕೊಡುವವಳದೋ, ಬಾಗಿಲು ಕಾಯುವವನದೋ? ನನ್ನದಾದರೆ ಅಪ್ಪಣೆ ಕೇಳಬೇಕಾದವನು ನೀನು, ನಾನಲ್ಲ. ನನ್ನದಲ್ಲ, ನಾನು ಬರೀ ಆಳು ಎನ್ನುವೆಯಾದರೆ, ಒಬ್ಬ ಆಳು ಇಳಿದು ಹೋಗುವುದಕ್ಕೆ ನಾಯಕನಾದವನು ಇಷ್ಟೇಕೆ ನಡುಗುತ್ತೀ?"

ಕೆಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ರಾಯರು ತಡೆಯಲಾಗದೆ ಭಲೇ ಎಂದು ಕೂಗಿಬಿಟ್ಟರು. ಟೀಚರ್ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಅಕ್ಕನ ಕಣ್ಣು ಭಾವನ ಶಾಲಿನ ಮೇಲಿತ್ತು.

ಭಾವ ತಲೆದೂಗಿದರು. "ಭಾರೀ ಲಾಯ್ಕ ಆಯ್ತು. ನನ್ನ ಹತ್ರ ಉತ್ತರ ಇಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಇನ್ನು ಪ್ರಸಂಗದಲ್ಲಿ ಎಂತ ಉಂಟು? ಓದಿ."

ಪುಟ ತಿರುಗಿಸಿದೆ. ಮೊದಲು ಕಣ್ಣಲ್ಲೇ ಓದಿಕೊಂಡೆ, ಮತ್ತೆ ಮೊದಲ ಸಾಲಿಗೇ ಹೋದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಇದ್ದದ್ದು ಓದು," ಎಂದರು. ಓದಿದೆ. ಆ ಹೆಂಗಸು ತೆರೆದ ಬಾಗಿಲಿನವರೆಗೆ ಹೋಗಿ, ಅಳುವ ಮಕ್ಕಳ ಸದ್ದು ಕೇಳಿ, ಬೀಜದ ಕೋಣೆಗೆ ಹಿಂದಿರುಗುತ್ತಾಳೆ. ಸಂಪುಟ ಅಲ್ಲಿಗೆ ಮುಗಿಯುತ್ತದೆ.

"ಹಾಂ, ಹಾಗೆ," ಎಂದು ಭಾವ ಎದ್ದರು. "ಅರ್ಥ ಯಾರೇ ಗೆಲ್ಲಲಿ, ಪ್ರಸಂಗ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ?" ಕೋಪವಿಲ್ಲ, ವ್ಯಂಗ್ಯವೂ ಇಲ್ಲ. ಶಾಲು ಸರಿಪಡಿಸಿಕೊಂಡು ಇಳಿದು ಹೋದರು. ಸ್ವಲ್ಪ ಹೊತ್ತಿನಲ್ಲಿ ನಮಗೆಲ್ಲ ಬಿಸಿ ಬಿಸಿ ಗೋಳಿಬಜೆ, ಕಾಫಿ ಕಳಿಸಿದರು. ಯಾರೂ ಮುಟ್ಟಲಿಲ್ಲ. ಅಕ್ಕ ಮಾತ್ರ, ಆರಿ ಹೋಗ್ತದೆ ತಿನ್ನಿ ಎಂದು ಎಲ್ಲರ ಕೈಗೂ ತಟ್ಟೆ ಕೊಟ್ಟರು.

ಸುಳ್ಳು ಓದಬಹುದಿತ್ತಲ್ಲಮ್ಮ ಎಂದು ರಾಯರು ಬೀದಿಯಲ್ಲಿ ನನ್ನನ್ನು ಬೈದರು. ಅಕ್ಕ ಅದನ್ನು ಒಪ್ಪುತ್ತಿರಲಿಲ್ಲ, ನನಗೆ ಗೊತ್ತು. ಆಟದ ಕ್ರಮ ನಂಬಿಯೇ ಅವರು ಆಟಕ್ಕೆ ಕೂತದ್ದು, ಆ ಕ್ರಮವೇ ಅವರನ್ನು ಕಟ್ಟಿಹಾಕಿತು. ಏಳನೆಯ ಸಂಪುಟ ಓದುವಾಗ ಅವರು ಯಾವ ಪಾತ್ರವನ್ನೂ ತೆಗೆದುಕೊಳ್ಳಲಿಲ್ಲ. ಸುಮ್ಮನೆ ಕೇಳುತ್ತ ಕೂರುತ್ತಿದ್ದರು. ಹಾಸ್ಟೆಲಿಗೆ ಬೇರೆ ಯಾರೋ ಬಂದರು. ಅಷ್ಟರಲ್ಲಿ ನಮ್ಮ ಯಜಮಾನರಿಗೆ ಪುಣೆಗೆ ವರ್ಗವಾಯಿತು. ಓದದೆ ಉಳಿದ ಎರಡು ಸಂಪುಟಗಳನ್ನು ಅಕ್ಕನಿಗೇ ಕೊಟ್ಟು ಹೊರಟೆ. ಮೆಟ್ಟಿಲಿನ ತುದಿಯವರೆಗೆ ಬಂದು ನಿಂತರು. ಇಳಿಯಲಿಲ್ಲ.

ಪುಣೆಯ ಗ್ರಂಥಾಲಯವೊಂದರಲ್ಲಿ ಎಂಟನೆಯ ಸಂಪುಟ ಸಿಕ್ಕಿತು. ನಿಂತಲ್ಲೇ ಓದಿದೆ. ಅದರ ನಡುವಿನಲ್ಲಿ ಆ ಬೀಜದ ಹೆಂಗಸು ಇಳಿದು ಹೋಗುತ್ತಾಳೆ. ವಾದವಿಲ್ಲ, ಅಪ್ಪಣೆ ಕೇಳುವುದಿಲ್ಲ. ಒಂದು ಬೆಳಿಗ್ಗೆ ಎಲ್ಲರ ಎದುರೇ ನಡೆದು ಹೋಗುತ್ತಾಳೆ, ಹಡಗು ಉಪವಾಸ ಬೀಳುವುದೂ ಇಲ್ಲ. ನನಗೆ ಅಳು ಬಂತು. ಇದನ್ನು ಅಕ್ಕನಿಗೆ ಎದುರೆದುರೇ ಹೇಳಬೇಕೆಂದು ಕಾದೆ.

ಮತ್ತೆ ಚೆನ್ನೈಗೆ ಬರುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಬಂದ ವಾರವೇ ವೇಲಚೇರಿಗೆ ಹೋದೆ. ರೈಲು ನಿಲ್ದಾಣ ಬಂದಿತ್ತು, ಬೀದಿ ಗುರುತು ಸಿಗದಷ್ಟು ಬದಲಾಗಿತ್ತು. ಹೋಟೆಲಿನಲ್ಲಿ ಕೂರಲು ಜಾಗವಿಲ್ಲದಷ್ಟು ಜನ. ಇಡ್ಲಿ ಸಾಂಬಾರು ತರಿಸಿದೆ, ಅದು ಅಕ್ಕನ ಕೈಯದಲ್ಲ ಎಂದು ಒಂದು ತುತ್ತಿಗೇ ಗೊತ್ತಾಯಿತು. ಸುತ್ತ ನೋಡಿದೆ. ಎಲ್ಲರೂ ತಿನ್ನುತ್ತಿದ್ದರು. ಯಾರೂ ಸಾಂಬಾರು ಬಿಟ್ಟು ಏಳುತ್ತಿರಲಿಲ್ಲ.

ಗಲ್ಲಾದಲ್ಲಿ ಭಾವ ಬಹಳ ಇಳಿದುಹೋಗಿದ್ದರು. "ಅವಳು ಹೋದ್ಳಲ್ಲಾ. ಜ್ವರ ಅಂತ ಮಲಗಿದ್ದು, ಏಳ್ಲೇ ಇಲ್ಲ," ಎಂದು ಕಣ್ಣೊರೆಸಿಕೊಂಡರು. ಸುಳ್ಳು ಅಳುವಲ್ಲ ಅದು. ಆ ಪುಸ್ತಕದಲ್ಲಿ ಬೀಜದ ಹೆಂಗಸು ಕೊನೆಗೆ ಇಳಿದು ಹೋಗುತ್ತಾಳೆ, ಅದನ್ನು ಅಕ್ಕನಿಗೆ ಹೇಳೋಣವೆಂದು ಬಂದೆ ಎಂದೆ.

"ಗೊತ್ತುಂಟಲ್ಲ. ನೀವು ಕೊಟ್ಟು ಹೋದದ್ದು ಓದಿದ್ಳು. ಓದಿದ ದಿನವೇ ಇಲ್ಲಿಗೆ ಬಂದು ನನಗೂ ಹೇಳಿದ್ಳು. ಅದು ಬೇರೆ ಪ್ರಸಂಗ ಮಾರಾಯ್ತಿ ಅಂದೆ ನಾನು."

"ಅದಕ್ಕೆ ಅಕ್ಕ ಏನಂದ್ರು?"

"ಎಂತ ಹೇಳ್ತಾಳೆ? ಒಳಗೆ ಕೆಲ್ಸ ಇತ್ತು, ಹೋದ್ಳು."

ಈಗ ನಾವಿರುವುದು ಅಂಬತ್ತೂರಿನಲ್ಲಿ. ತಮಿಳು ಸರಾಗವಾಗಿ ಬರುತ್ತದೆ, ಬೇಕೆಂದಾಗ ಚಪ್ಪಲಿ ಮೆಟ್ಟಿ ಹೊರಡುತ್ತೇನೆ, ಯಾರೂ ಏನು ಬೇಕೆಂದು ಕೇಳುವುದಿಲ್ಲ. ಅದು ಬೇರೆ ಪ್ರಸಂಗ ಎಂಬ ಭಾವನ ಮಾತಿಗೆ ಅಂದು ನನಗೆ ಉತ್ತರ ಹೊಳೆಯಲಿಲ್ಲ. ಈಗ ಎಷ್ಟೋ ಹೊಳೆಯುತ್ತವೆ, ಕೆಲಸ ಮಾಡುತ್ತ ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ. ಅಷ್ಟು ದೊಡ್ಡ ಅರ್ಥ ಹೇಳಿದ ಅಕ್ಕನಿಗೆ ಅವತ್ತು ಗಲ್ಲಾದ ಮುಂದೆ ಉತ್ತರ ಹೊಳೆಯಲಿಲ್ಲವೆಂದು ನಾನು ನಂಬುವುದಿಲ್ಲ. ಹೊಳೆದಿರುತ್ತದೆ. ಅದನ್ನು ಹೇಳಿಯೂ ಒಳಗೇ ಹೋಗಬೇಕಲ್ಲ ಎಂದು ಸುಮ್ಮನಾಗಿರುತ್ತಾರೆ...